ರಿಪೇರಿ ಮೇಜು: ಹಳೆ ಸ್ಕೋಪ್ ಬಿಚ್ಚಬೇಕಾ, ಬೇಡವಾ?

ಪ್ರಶ್ನೆ: ಸರ್, ಹರಾಜಿನಲ್ಲಿ ಒಂದು ಎಚ್‌ಎಂ203 ಸ್ಕೋಪ್ (ಆಸಿಲೋಸ್ಕೋಪ್, ವೋಲ್ಟೇಜಿನ ಏರಿಳಿತವನ್ನು ಪರದೆಯಲ್ಲಿ ಗೆರೆಯಾಗಿ ತೋರಿಸುವ ಉಪಕರಣ) ಸಿಕ್ಕಿತು. 20 ಮೆಗಾಹರ್ಟ್ಸ್, ಎರಡು ಚಾನೆಲ್, ಟ್ರೇಸ್ ಚೆನ್ನಾಗಿದೆ. ನನ್ನದು ಇನ್ವರ್ಟರ್ ಮತ್ತು ಟಿವಿ ಬೋರ್ಡ್ ರಿಪೇರಿ ಕೆಲಸ. ಅದಕ್ಕೆ ಹೊಂದುವಂತೆ ಇದರ ಒಳಗೆ ಏನೇನು ಬದಲಾಯಿಸಬಹುದು?
— ದಾವಣಗೆರೆಯ ಓದುಗರು

ಉತ್ತರ: ಒಳಗೆ ಏನೂ ಬೇಡ. ಪರದೆಯ ಟ್ಯೂಬಿಗೆ ಸುಮಾರು 2000 ವೋಲ್ಟ್ ಹೋಗುತ್ತದೆ, ಚೆನ್ನಾಗಿ ಓಡುತ್ತಿರುವುದನ್ನು ಯಾಕೆ ಕೆದಕುವುದು? ನಿಮಗೆ ಬೇಕಾಗಿರುವುದು ಅದರ ಮುಖದ ಮೇಲೇ ಇದೆ. ಜರ್ಮನಿಯ ಹಾಮೆಗ್ ವಿನ್ಯಾಸದ ಈ ಸ್ಕೋಪಿನಲ್ಲಿ ಕಾಂಪೊನೆಂಟ್ ಟೆಸ್ಟರ್ (ಬಿಡಿಭಾಗ ಪರೀಕ್ಷಿಸುವುದು) ಅಂತ ಒಂದು ಬಟನ್ ಇರುತ್ತದೆ, ಜೊತೆಗೆ ಎರಡು ಬನಾನಾ ಸಾಕೆಟ್. ಕಾಲೇಜು ಲ್ಯಾಬುಗಳಲ್ಲಿ ಅದನ್ನು ಒತ್ತಿ ನೋಡಿದವರು ಕಡಿಮೆ.

ಬಟನ್ ಒತ್ತಿದರೆ ಸಾಕೆಟ್ಟಿಗೆ 50 ಹರ್ಟ್ಸ್‌ನ ಸಣ್ಣ ಎಸಿ ಬರುತ್ತದೆ. ತೆರೆದಿದ್ದಾಗ 8.5 ವೋಲ್ಟ್, ಶಾರ್ಟ್ ಮಾಡಿದರೆ 24 ಮಿಲಿಆಂಪ್, ಅಷ್ಟೇ. ಏನೂ ಮುಟ್ಟಿಸದಿದ್ದರೆ ಪರದೆ ಮೇಲೆ ಅಡ್ಡಗೆರೆ. ಎರಡು ವೈರ್ ಸೇರಿಸಿದರೆ ನೆಟ್ಟಗಿನ ಗೆರೆ. ರೆಸಿಸ್ಟರ್ ಇಟ್ಟರೆ ಓರೆಗೆರೆ, ಕೆಪಾಸಿಟರ್‌ಗೆ ಅಂಡಾಕಾರ, ಡಯೋಡ್ ಆದರೆ ಗೆರೆ ಒಂದು ಕಡೆ ಮಡಚಿಕೊಳ್ಳುತ್ತದೆ. ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ನಡುವೆ ಎರಡೂ ಕಡೆ ಮಡಚಿದರೆ ಹಾಳಾಗಿದೆ ಅಂದುಕೊಳ್ಳಬೇಡಿ. 8.5 ವೋಲ್ಟ್ ಎಸಿಯ ತುದಿ 12 ವೋಲ್ಟ್ ಮುಟ್ಟುತ್ತದೆ, ಆ ಜಂಕ್ಷನ್ ಉಲ್ಟಾ ದಿಕ್ಕಿನಲ್ಲಿ ಸಾಮಾನ್ಯವಾಗಿ 6-7 ವೋಲ್ಟಿಗೇ ಬಿಟ್ಟುಕೊಡುತ್ತದೆ. ಒಳ್ಳೆ ಟ್ರಾನ್ಸಿಸ್ಟರ್ ಕೂಡ ಹಾಗೇ ತೋರಿಸುತ್ತದೆ.

ಬೋರ್ಡಿನಲ್ಲಿ ಕೂತಿರುವ ಬಿಡಿಭಾಗಕ್ಕೆ ಮುಟ್ಟಿಸಿದಾಗ ಈ ಆಕಾರಗಳೆಲ್ಲ ಕಲಸಿಹೋಗುತ್ತವೆ. ಅಲ್ಲೇ ನಿಮ್ಮ ಮಾರ್ಪಾಡು ಬೇಕಾಗುವುದು, ಅದೂ ಹೊರಗಡೆ. ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಟೂ-ವೇ ಸ್ವಿಚ್, ಎರಡು ಪ್ರೋಬ್ ವೈರ್. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಬೀದಿ ಎಸ್‌ಪಿ ರೋಡಿನವರೆಗೆ ಹೋಗುವುದೂ ಬೇಡ, ನಿಮ್ಮ ಡ್ರಾಯರಿನಲ್ಲೇ ಇರುತ್ತವೆ. ಸ್ಕೋಪಿನ ಚಾಸಿಗೆ (ಲೋಹದ ಮೈಗೆ) ಸೇರಿದ ಸಾಕೆಟ್ಟಿನಿಂದ ವೈರ್ ಎಳೆದು ಎರಡೂ ಬೋರ್ಡುಗಳ ಗ್ರೌಂಡಿಗೆ ಕೊಡಿ, ಒಂದು ಕೆಟ್ಟದ್ದು, ಇನ್ನೊಂದು ಅದೇ ಮಾಡೆಲ್ಲಿನ ಒಳ್ಳೆಯದು. ಇನ್ನೊಂದು ಸಾಕೆಟ್ ಸ್ವಿಚ್ಚಿನ ಮಧ್ಯದ ಕಾಲಿಗೆ, ಉಳಿದೆರಡು ಕಾಲುಗಳಿಂದ ಒಂದೊಂದು ಪ್ರೋಬ್. ಎರಡೂ ಬೋರ್ಡಿನಲ್ಲಿ ಒಂದೇ ಜಾಗ ಮುಟ್ಟಿ ಸ್ವಿಚ್ ಆಡಿಸಿದರೆ ಆಕಾರ ಎಲ್ಲಿ ಬದಲಾಯಿತೋ ಅಲ್ಲೇ ತೊಂದರೆ. ಎರಡೂ ಕೈ ಪ್ರೋಬ್ ಹಿಡಿದಿರುತ್ತವಲ್ಲ, ಹಾಗಾಗಿ ಸ್ವಿಚ್ಚಿನ ಬದಲು ಒಂದು ಸಣ್ಣ ರಿಲೇ ಹಾಕಿ, ಸೆಕೆಂಡಿಗೊಮ್ಮೆ ಬದಲಾಗುವ ಹಾಗೆ 555 ಟೈಮರ್ ಐಸಿಯಿಂದ ಓಡಿಸಿ. ಹಂಟ್ರಾನ್ ಟ್ರ್ಯಾಕರ್ ಅಂತ ದುಬಾರಿ ಉಪಕರಣ ಬರುತ್ತದಲ್ಲ, ಅದು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ನಾಜೂಕಾದ ಐಸಿ ಇದ್ದರೆ ಸೀರೀಸ್‌ನಲ್ಲಿ 1 ಕಿಲೋ ಓಮ್ ಸೇರಿಸುವ ಇನ್ನೊಂದು ಸ್ವಿಚ್ ಇರಲಿ. ಬೋರ್ಡಿಗೆ ಕರೆಂಟ್ ಕೊಟ್ಟಿರಬಾರದು, ದೊಡ್ಡ ಕೆಪಾಸಿಟರ್ ಡಿಸ್ಚಾರ್ಜ್ ಆಗಿರಲೇಬೇಕು. ಮತ್ತೆ, ಇದು ಸರಿಯಾಗಿ ತೋರಿಸುವುದು ಸುಮಾರು 20 ಓಮಿನಿಂದ 4.7 ಕಿಲೋ ಓಮ್ ತನಕ. ಅದಕ್ಕಿಂತ ಕಡಿಮೆಯದು ಶಾರ್ಟಿನ ಹಾಗೆ, ಜಾಸ್ತಿಯದು ಓಪನ್ ಹಾಗೆ ಕಾಣುತ್ತದೆ.

ಪ್ರಶ್ನೆ: ಎಸ್‌ಎಂಪಿಎಸ್‌ನ ಪ್ರೈಮರಿ ಕಡೆ (ಸ್ವಿಚಿಂಗ್ ಪವರ್ ಸಪ್ಲೈಯಲ್ಲಿ ಮೇನ್ಸಿಗೆ ಸೇರಿದ ಭಾಗ) ನೋಡಲು ಸ್ಕೋಪಿನ ಅರ್ತ್ ಪಿನ್ ತೆಗೆದುಬಿಡು ಎಂದು ಗೆಳೆಯ ಹೇಳುತ್ತಾನೆ. ನಾನು ಬೋರ್ಡಿಗೆ ಹೋಗುವ ಮೇನ್ಸ್ ದಾರಿಯಲ್ಲಿ ಸೀರೀಸ್ ಬಲ್ಬ್ ಹಾಕಿಯೇ ಕೆಲಸ ಮಾಡುವುದು. ಸಾಕಲ್ವಾ?
— ಹಾಸನದ ಓದುಗರು

ಉತ್ತರ: ಸಾಲದು. ಬಲ್ಬ್ ಕರೆಂಟನ್ನು ತಡೆಹಿಡಿಯುತ್ತದೆ, ಮೇನ್ಸಿನಿಂದ ನಿಮ್ಮನ್ನು ಬೇರೆ ಮಾಡುವುದಿಲ್ಲ. ಅರ್ತ್ ತೆಗೆದ ಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನು ಬ್ರಿಡ್ಜ್ ರೆಕ್ಟಿಫೈಯರಿನ ಮೈನಸ್‌ಗೆ ಹಾಕಿದ ಕ್ಷಣ ಸ್ಕೋಪಿನ ಲೋಹದ ಮೈ, ಬಿಎನ್‌ಸಿ ಸಾಕೆಟ್, ಎಲ್ಲಕ್ಕೂ ಮೇನ್ಸ್ ಬಂದುಬಿಡುತ್ತದೆ. ಟ್ರೇಸ್ ಮಾತ್ರ ಚೆನ್ನಾಗೇ ಕಾಣುತ್ತಿರುತ್ತದೆ, ಮೋಸ ಇರುವುದೇ ಅಲ್ಲಿ. ಗೆಳೆಯರಿಗೂ ಇದನ್ನು ತೋರಿಸಿ.

ಬೇರೆ ಮಾಡಬೇಕಾದ್ದು ರಿಪೇರಿಗೆ ಬಂದ ಬೋರ್ಡನ್ನು, ಸ್ಕೋಪನ್ನಲ್ಲ. 230ರಿಂದ 230 ವೋಲ್ಟಿನ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ತಂದು ಬೋರ್ಡಿಗೆ ಅದರಿಂದ ಕೊಡಿ. ಸೆಕೆಂಡರಿಯ ಯಾವ ತುದಿಯೂ ಅರ್ತಿಗೆ ಸೇರಿಲ್ಲ ಅನ್ನುವುದನ್ನು ಮೀಟರಿನಲ್ಲಿ ನೋಡಿಕೊಳ್ಳಿ. ಆಟೋ ಟ್ರಾನ್ಸ್‌ಫಾರ್ಮರ್, ವೇರಿಯಾಕ್ ಇದಕ್ಕೆ ಆಗಿಬರುವುದಿಲ್ಲ. ಆಮೇಲೂ ಪ್ರೈಮರಿಯಲ್ಲಿ ಸುಮಾರು 325 ವೋಲ್ಟ್ ಡಿಸಿ ಇದ್ದೇ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಸಿಗುವ ತನಕ ಎರಡು ಚಾನೆಲ್ಲಿಗೂ 10:1 ಪ್ರೋಬ್ ಹಾಕಿ, ಗ್ರೌಂಡ್ ಕ್ಲಿಪ್ ಎಲ್ಲಿಗೂ ಕೊಡದೆ, ಒಂದನ್ನು ಇನ್ವರ್ಟ್ ಮಾಡಿ ಆಡ್ ಒತ್ತಿ. ಎರಡು ಜಾಗಗಳ ನಡುವಿನ ವ್ಯತ್ಯಾಸ ಪರದೆಯಲ್ಲಿ ಬರುತ್ತದೆ.

ಪ್ರಶ್ನೆ: ಎಚ್‌ಪಿ 3478ಎ ಮಲ್ಟಿಮೀಟರ್ ಇದೆ. ಬ್ಯಾಟರಿ ಹೋದರೆ ಕ್ಯಾಲಿಬ್ರೇಶನ್ (ಅಳತೆ ಸರಿಪಡಿಸುವ ಅಂಕೆಗಳು) ಹೋಗುತ್ತದಂತೆ. ಬ್ಯಾಟರಿಗೆ ಹೋಲ್ಡರ್ ಹಾಕಿಬಿಡಲೇ?
— ಬೆಂಗಳೂರಿನ ಓದುಗರು

ಉತ್ತರ: ಕೇಳಿದ್ದು ನಿಜ. ಕ್ಯಾಲಿಬ್ರೇಶನ್ ಅಂಕೆಗಳು ಒಂದು ಸಣ್ಣ ಸಿಮಾಸ್ ರ‍್ಯಾಮ್‌ನಲ್ಲಿವೆ, ಮೀಟರ್ ಆಫ್ ಇದ್ದಾಗ ಅದನ್ನು ಜೀವಂತ ಇಡುವುದು ಬೋರ್ಡಿಗೇ ಬೆಸುಗೆ ಹಾಕಿದ 3 ವೋಲ್ಟಿನ ಲಿಥಿಯಂ ಸೆಲ್. ಹೋಲ್ಡರ್ ನನಗೆ ಇಷ್ಟವಿಲ್ಲ, ನಮ್ಮ ಮಳೆಗಾಲದಲ್ಲಿ ಅದರ ಸ್ಪ್ರಿಂಗಿಗೆ ತುಕ್ಕು ಹಿಡಿದು ಒಂದು ಸಲ ಸಂಪರ್ಕ ತಪ್ಪಿದರೂ ಮುಗಿಯಿತು. ಬೆಸುಗೆಗೆಂದೇ ಲೋಹದ ಪಟ್ಟಿ (ಟ್ಯಾಬ್) ಇರುವ ಸೆಲ್ಲನ್ನೇ ಬೆಸುಗೆ ಹಾಕಿ. ಅದಕ್ಕೆ ಸಮಾನಾಂತರವಾಗಿ, ಡಯೋಡ್ ಮೂಲಕ, ಎರಡು ಪಿನ್ನಿನ ಒಂದು ಕನೆಕ್ಟರ್ ಬಿಡಿ. ಮುಂದಿನ ಸಲ ಸೆಲ್ ಬದಲಾಯಿಸುವವರು ಅಲ್ಲಿಗೆ ಹೊರಗಿನ ಸೆಲ್ ಸಿಕ್ಕಿಸಿ ನಿಶ್ಚಿಂತೆಯಿಂದ ಹಳೆಯದನ್ನು ಬಿಚ್ಚಬಹುದು.

ಬೆಸುಗೆಗೆ ಮೊದಲು ಜಿಪಿಐಬಿ (ಮೀಟರನ್ನು ಕಂಪ್ಯೂಟರಿಗೆ ಜೋಡಿಸುವ ಸಂಪರ್ಕ) ಮೂಲಕ ರ‍್ಯಾಮಿನ 256 ಜಾಗಗಳನ್ನೂ ಓದಿ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಿ. ಆರ್ಡುಯಿನೋ ಎಂಬ ಸಣ್ಣ ಕಂಟ್ರೋಲರ್ ಬೋರ್ಡಿನಿಂದ ಮಾಡುವ ಎಆರ್488 ಅಡಾಪ್ಟರ್ ಸಾಕು. ಬೆಸುಗೆ ಹಾಕುವಾಗ ಮೀಟರಿನ ಪ್ಲಗ್ ತೆಗೆದಿರಿ, ಕಾದ ಐರನ್ನಿನ ಪ್ಲಗ್ಗನ್ನೂ ಎಳೆದು ಆಮೇಲೆ ಮುಟ್ಟಿಸಿ.

ಪ್ರಶ್ನೆ: ಮುಳ್ಳಿನ ಹಳೆ ಮಲ್ಟಿಮೀಟರ್ ಆವೋ 8ರ 15 ವೋಲ್ಟ್ ಬ್ಯಾಟರಿ ಎಲ್ಲೂ ಸಿಗುತ್ತಿಲ್ಲ. ಬೂಸ್ಟ್ ಕನ್ವರ್ಟರ್ ಹಾಕಲೇ?
— ಮಂಗಳೂರಿನ ಓದುಗರು

ಉತ್ತರ: ಅಷ್ಟೆಲ್ಲ ಯಾಕೆ? ಐದು ಸಿಆರ್2032 ಸೆಲ್ ಸೀರೀಸ್‌ನಲ್ಲಿ ಇಟ್ಟರೆ 15 ವೋಲ್ಟ್ ಆಯಿತು. ಜಾಸ್ತಿ ಓಮಿನ ರೇಂಜಿಗೆ ಮಾತ್ರ ಅದು ಬೇಕು, ಎಳೆಯುವ ಕರೆಂಟೂ ತೀರಾ ಕಡಿಮೆ. ಸೆಲ್ಲಿಗೆ ನೇರ ಬೆಸುಗೆ ಹಾಕಬೇಡಿ, ಬಟನ್ ಸೆಲ್ ಹೋಲ್ಡರ್ ತನ್ನಿ, ಇಲ್ಲಿ ಸಂಪರ್ಕ ತಪ್ಪಿದರೆ ನಷ್ಟವೇನಿಲ್ಲ. ಇನ್ನೊಂದು: ಓಮ್ ರೇಂಜಿನಲ್ಲಿ ಕಪ್ಪು ವೈರ್ ಪ್ಲಸ್ ಆಗಿರುತ್ತದೆ, ಡಯೋಡ್ ಉಲ್ಟಾ ತೋರಿಸಿತು ಅಂತ ಒಳಗೆ ವೈರ್ ಅದಲುಬದಲು ಮಾಡಬೇಡಿ.