ಮಗುಚಿದ ದೋಣಿ ಎತ್ತೋಕೆ ಬರುತ್ತಾ? ಪಟ್ಟಿ ಆಮೇಲೆ

ಪ್ರಶ್ನೆ: ನಾನು ದಾವಣಗೆರೆಯವನು. ಅಣ್ಣ ಫ್ಲೋರಿಡಾದಲ್ಲಿದ್ದಾನೆ. ಅಲ್ಲಿ ಹಳೆಯ ಹೋಬಿ 16 ಕ್ಯಾಟಮರಾನ್ (ಎರಡು ಒಡಲಿನ ಹಾಯಿದೋಣಿ) ಕೊಂಡಿದ್ದಾನೆ. ಮಾರ್ಚ್‌ನಲ್ಲಿ ನಡೆಯುವ ಎವರ್‌ಗ್ಲೇಡ್ಸ್ ಚಾಲೆಂಜ್ ಅನ್ನೋ ದೋಣಿ ರೇಸ್‌ಗೆ ಇಬ್ಬರೂ ಹೋಗೋಣ ಅಂತಾನೆ. ಕರಾವಳಿ ಹಿಡಿದು ಸುಮಾರು 300 ಮೈಲಿ, 8 ದಿನದ ಗಡುವು, ಹಿಂದೆ ಸಹಾಯದ ಬೋಟ್ ಇಲ್ಲ. ಹೈದರಾಬಾದ್‌ನಲ್ಲಿದ್ದಾಗ ಹುಸೇನ್ ಸಾಗರದಲ್ಲಿ ಒಂದು ವರ್ಷ ಹಾಯಿದೋಣಿ ಕಲಿತಿದ್ದೇನೆ. ನಾನು 58 ಕೆಜಿ, ಅಣ್ಣ 66. ದೋಣಿಗೆ ಏನು ರಿಪೇರಿ ಮಾಡಿಸಬೇಕು, ಏನೇನು ಕೊಳ್ಳಬೇಕು? ಒಂದು ಪಟ್ಟಿ ಕೊಡ್ತೀರಾ?

ಉತ್ತರ: ತೂಕ ಬರೆದು ಒಳ್ಳೆಯದು ಮಾಡಿದಿರಿ. ಅಲ್ಲಿಂದಲೇ ಶುರು ಮಾಡೋಣ. ಇಬ್ಬರೂ ಸೇರಿ 124 ಕೆಜಿ. ಮಗುಚಿದ ಹೋಬಿ 16 ಎತ್ತಲು ಹೆಚ್ಚುಕಮ್ಮಿ 135 ಕೆಜಿ ಬೇಕು ಅನ್ನೋದು ಓಡಿಸುವವರ ಲೆಕ್ಕ. ಅದೂ ಖಾಲಿ ದೋಣಿಗೆ. ಡೇರೆ, ನೀರು, ಊಟ ಎಲ್ಲವನ್ನೂ ಎರಡು ಒಡಲಿನ ನಡುವೆ ಬಿಗಿದ ಟ್ರ್ಯಾಂಪೊಲಿನ್ ಹಾಸಿನ ಮೇಲೆ ಬಿಗಿದರೆ ಇನ್ನೂ ಕಷ್ಟ. ಹಾಗಾಗಿ ಮೊದಲು ಕೊಳ್ಳಬೇಕಾದ್ದು ನೀರು ತುಂಬುವ ಒಂದು ಗಟ್ಟಿ ಚೀಲ.

ಮಗುಚಿದಾಗ ಮೊದಲು ಹಾಯಿಯ ಹಗ್ಗಗಳನ್ನು ಪೂರ್ತಿ ಸಡಿಲ ಬಿಡಿ. ದೋಣಿಯ ಮೂತಿ ಗಾಳಿಯ ಕಡೆ ತಿರುಗಿಸಿ. ಮೇಲಿರುವ ಹಲ್‌ನ (ಹಲ್ ಅಂದರೆ ದೋಣಿಯ ಒಡಲು) ಮೇಲಿಂದ ಹಗ್ಗ ಎಳೆದುಕೊಂಡು, ಕೆಳಗಿನ ಹಲ್ ಮೇಲೆ ನಿಂತು ಹಿಂದಕ್ಕೆ ವಾಲಿ. ಅದೇ ಹಗ್ಗಕ್ಕೆ ಚೀಲ ಸಿಕ್ಕಿಸಿ 20–30 ಲೀಟರ್ ನೀರು ತುಂಬಿದರೆ ನಿಮ್ಮ ಕೊರತೆ ತುಂಬುತ್ತದೆ. ಬಾವಿಯಿಂದ ಕೊಡ ಸೇದಿದವರಿಗೆ ಇದು ಗೊತ್ತು: ಕೊಡ ನೀರೊಳಗಿದ್ದಾಗ ಹಗುರ, ಮೇಲೆ ಬಂದಾಗಲೇ ಭಾರ. ಚೀಲ ನೀರಿನಿಂದ ಪೂರ್ತಿ ಮೇಲಿರಬೇಕು. ಇಲ್ಲದಿದ್ದರೆ ಸುಮ್ನೆ ಒದ್ದಾಟ.

ಇದನ್ನು ಮೊದಲು ಹಗಲಲ್ಲಿ ಮಾಡಿ. ಆಮೇಲೆ ಪೂರ್ತಿ ಸಾಮಾನು ಕಟ್ಟಿಕೊಂಡು ಮಾಡಿ. ಕೊನೆಗೆ ಕತ್ತಲಲ್ಲಿ, ದಡದ ಹತ್ತಿರ, ಇನ್ನೊಂದು ಬೋಟ್ ಪಕ್ಕದಲ್ಲಿಟ್ಟುಕೊಂಡು. ಮೂರನೆಯದು ಆಗಲಿಲ್ಲವೆಂದರೆ ಈ ವರ್ಷ ರೇಸ್ ಬಿಡಿ. ಬೇಜಾರು ಮಾಡ್ಕೋಬೇಡಿ, ನನ್ನ ತಮ್ಮನಿಗೂ ಇದನ್ನೇ ಹೇಳುತ್ತಿದ್ದೆ.

ಮಾಸ್ಟ್ (ಹಾಯಿ ಕಟ್ಟುವ ಕಂಬ) ಒಳಗೆ ನೀರು ಹೋಗದ ಹಾಗೆ ಸೀಲ್ ಆಗಿರಬೇಕು. ನೀರು ತುಂಬಿದರೆ ಅದು ಕೆಳಕ್ಕೆ ಇಳಿದು ದೋಣಿ ಪೂರ್ತಿ ತಲೆಕೆಳಗಾಗುತ್ತದೆ. ಆಗ ಇಬ್ಬರಿಂದ ಎತ್ತುವುದು ತುಂಬಾ ಕಷ್ಟ. ಬಿಚ್ಚಿ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುತ್ತಾ ನೋಡಿ. ತುದಿಗೆ ತೇಲುವ ಬುರುಡೆಯೊಂದನ್ನು ಹಾಕಿಸಿ. ನೋಡಲು ಚೆನ್ನಾಗಿರಲ್ಲ, ಇರಲಿ.

ಹಲ್‌ಗಳನ್ನು ತೆಂಗಿನಕಾಯಿ ತಟ್ಟಿ ನೋಡುವ ಹಾಗೆ ಇಡೀ ಉದ್ದಕ್ಕೆ ತಟ್ಟಿ. ಟಣ್ ಅನ್ನುವಲ್ಲಿ ಗಟ್ಟಿ, ಮಂಕಾಗಿ ದಬ್ ಅಂದರೆ ಒಳಗಿನ ಪದರ ಬಿಟ್ಟುಕೊಂಡಿದೆ ಅಂತ ಅರ್ಥ. ಮಾಸ್ಟ್ ಹಿಡಿಯುವ ತಂತಿಯ ಬುಡದ ಹತ್ತಿರ ಹಾಗೆ ಕೇಳಿಸಿದರೆ ಆ ದೋಣಿ ಸಮುದ್ರಕ್ಕೆ ಬೇಡ. ಸೋರಿಕೆ ಹುಡುಕುವುದು ಪಂಕ್ಚರ್ ಅಂಗಡಿಯ ಕೆಲಸವೇ: ಅಂಚಿಗೆಲ್ಲ ಸೋಪಿನ ನೀರು ಹಚ್ಚಿ, ಬಿರಟೆಯ ತೂತಿನಿಂದ ಬಾಯಲ್ಲಿ ಊದಿ. ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಅಂಟೇ ಬಿಟ್ಟುಹೋಗುತ್ತದೆ.

ತಂತಿಗಳ ಮೇಲೆ ಹತ್ತಿ ಸವರಿ. ಎಲ್ಲಾದರೂ ಸಿಕ್ಕಿಕೊಂಡರೆ ಒಂದು ಎಳೆ ಮುರಿದಿದೆ, ಆಗ ಎಲ್ಲಾ ತಂತಿಗಳನ್ನೂ ಬದಲಿಸಿ. ಸಿಹಿನೀರಿನಲ್ಲಿ ಕಲಿತವರು ಉಪ್ಪನ್ನು ಮರೆಯುತ್ತಾರೆ. ಸ್ಟೀಲ್ ಮತ್ತು ಅಲ್ಯೂಮಿನಿಯಂ ಸೇರುವ ಕಡೆ ಉಪ್ಪುನೀರು ಬಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಪ್ರತಿ ಅಭ್ಯಾಸದ ನಂತರ ಸಿಹಿನೀರಲ್ಲಿ ತೊಳೆಯಿರಿ. ಇನ್ನು ತಂತಿಯ ಪಿನ್ ಕಳಚದ ಹಾಗೆ ಹಿಡಿಯುವ ಆ ಚಿಕ್ಕ ಸ್ಪ್ರಿಂಗ್ ರಿಂಗ್‌ಗಳು. ಕಾರವಾರದ ಹೊರಗೆ ಒಮ್ಮೆ ನಮ್ಮ ಮಾಸ್ಟ್ ಬಿದ್ದದ್ದು ನಾಲ್ಕಾಣೆ ಅಗಲದ ಒಂದು ರಿಂಗ್ ಕಳಚಿದ್ದರಿಂದ. ಗಾಳಿಯೂ ಅಷ್ಟಿರಲಿಲ್ಲ. ಅವತ್ತಿನಿಂದ ಪ್ರತಿ ರಿಂಗ್ ಮೇಲೂ ಟೇಪ್ ಸುತ್ತುತ್ತೇನೆ. ಹತ್ತು ರಿಂಗ್, ನಾಲ್ಕು ಪಿನ್, ತಂತಿ ಹರಿದರೆ ಕಟ್ಟಲು ಡೈನೀಮಾ ಅನ್ನೋ ತುಂಬಾ ಗಟ್ಟಿಯಾದ ಹಗ್ಗ ಒಂದು ಡಬ್ಬಿಯಲ್ಲಿರಲಿ.

ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ದೊಡ್ಡ ಹಾಯಿಗೆ ರೀಫ್ ಇಲ್ಲದಿದ್ದರೆ, ಅಂದರೆ ಕೆಳಭಾಗ ಮಡಚಿ ಕಟ್ಟುವ ಏರ್ಪಾಡು ಇಲ್ಲದಿದ್ದರೆ, ಹೊಲಿಸಿಕೊಳ್ಳಿ. ದುಡ್ಡು ಕಡಿಮೆಯಿದ್ದರೆ ಜಿಪಿಎಸ್ ಹಳೆಯದಿರಲಿ, ಇದನ್ನು ಬಿಡಬೇಡಿ. ಭಾರದ ಸಾಮಾನು ಹಿಂದೆ ಕಟ್ಟಿ. ಮುಂದೆ ಇಟ್ಟರೆ, ಗಾಳಿ ಬೆನ್ನಿಗಿದ್ದಾಗ ಮೂತಿ ಅಲೆಗೆ ಹೊಕ್ಕು ದೋಣಿ ಪಲ್ಟಿ ಹೊಡೆಯುತ್ತದೆ. ಈ ಜಾತಿಗೆ ಆ ಚಾಳಿ ಇದೆ.

ಟ್ಯಾಂಪಾ ಕೊಲ್ಲಿಯ ಬಾಯಲ್ಲಿರುವ ಫೋರ್ಟ್ ಡಿ ಸೋಟೊ ದಡದಿಂದ ರೇಸ್ ಶುರು. ಭರತದ ನೀರು ಮುಟ್ಟುವ ಗೆರೆಯ ಮೇಲಿಂದ ದೋಣಿಯನ್ನು ನೀವೇ ನೀರಿಗೆ ತಳ್ಳಬೇಕು. ದೋಣಿಯೇ 145 ಕೆಜಿ. ಗಾಳಿ ತುಂಬುವ ರೋಲರ್ ಹಾಕಬಹುದು, ಆದರೆ ಅದನ್ನು ರೇಸ್ ಮುಗಿಯುವ ಕೀ ಲಾರ್ಗೊವರೆಗೂ ಹೊತ್ತೇ ಹೋಗಬೇಕು. ನೀರಿಗೆ ತಲಾ ದಿನಕ್ಕೆ 4 ಲೀಟರ್ ಲೆಕ್ಕ ಹಾಕಿ. ಗಾಳಿ ನಿಂತಾಗ ಎರಡು ಹುಟ್ಟು ಬೇಕು. ಮಂಡಕ್ಕಿ ಹಗುರ ಅಂತ ಆಸೆ ಬರಬಹುದು, ಆದರೆ ಮೊದಲ ಸಂಜೆಗೇ ಮೆತ್ತಗಾಗುತ್ತದೆ. ಹುರಿದ ಶೇಂಗಾ, ಚಿಕ್ಕಿ ವಾಸಿ.

ತುರ್ತು ಬೀಕನ್ (ಉಪಗ್ರಹದ ಮೂಲಕ ರಕ್ಷಣಾ ಕರೆ ಕಳಿಸುವ ಯಂತ್ರ), ಹತ್ತಿರದ ದೋಣಿಗಳ ಜೊತೆ ಮಾತಾಡುವ ವಿಎಚ್‌ಎಫ್ ರೇಡಿಯೊ, ಚಾಕು, ಸೀಟಿ, ದೀಪ: ಇವು ಲೈಫ್ ಜಾಕೆಟ್‌ನಲ್ಲೇ ಇರಲಿ, ದೋಣಿಯ ಚೀಲದಲ್ಲಿ ಬೇಡ. ನೀವು ಬಿದ್ದರೆ ದೋಣಿ ನಿಮ್ಮ ಈಜಿಗಿಂತ ಬೇಗ ಓಡುತ್ತದೆ. ಇನ್ನೊಂದು ಮಾತು. ಸ್ಯಾಟಲೈಟ್ ಫೋನ್, ಇನ್‌ರೀಚ್ ಥರದ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರಗಳನ್ನು ಅಣ್ಣನ ಮನೆಯಲ್ಲೇ ಬಿಟ್ಟು ಬನ್ನಿ. ಅನುಮತಿ ಇಲ್ಲದೆ ಭಾರತಕ್ಕೆ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.

ಪ್ರಶ್ನೆ: ಕ್ಯಾಟಮರಾನ್ ಅಂದರೆ ಕಟ್ಟುಮರನೇ ಅಲ್ವಾ? ನಮ್ಮ ವಾಣಿವಿಲಾಸ ಸಾಗರದಲ್ಲಿ ಅಭ್ಯಾಸ ಮಾಡಿದರೆ ಸಮುದ್ರಕ್ಕೆ ಸಾಕಾಗುತ್ತಾ? (ಚಿತ್ರದುರ್ಗದ ಓದುಗರು)

ಉತ್ತರ: ಹೆಸರು ಅದೇ, ತಮಿಳಿನ ಕಟ್ಟುಮರಂನಿಂದ ಇಂಗ್ಲಿಷಿಗೆ ಹೋದದ್ದು. ವಸ್ತು ಬೇರೆ. ಕಟ್ಟುಮರ ಅಂದರೆ ದಿಮ್ಮಿಗಳನ್ನು ಕಟ್ಟಿದ ತೆಪ್ಪ. ಎರಡು ಹಲ್‌ನ ದೋಣಿ ಪೆಸಿಫಿಕ್ ದ್ವೀಪದವರ ವಿದ್ಯೆ.

ಗಾಳಿಗೆ ನಿಮ್ಮಲ್ಲಿ ಬರವಿಲ್ಲ. ಜೋಗಿಮಟ್ಟಿಯ ಫ್ಯಾನುಗಳು ಸುಮ್ಮನೆ ನಿಂತಿಲ್ಲವಲ್ಲ! ಆಷಾಢದ ಗಾಳಿಯಲ್ಲಿ ದೋಣಿ ಎತ್ತುವುದು, ಹಾಯಿ ಮಡಚುವುದು ಕಲಿತರೆ ಅರ್ಧ ಕೆಲಸ ಮುಗಿದ ಹಾಗೆ. ಭರತ ಇಳಿತ, ಉದ್ದ ಅಲೆ, ಉಪ್ಪು ಮಾತ್ರ ಅಲ್ಲಿ ಸಿಗಲ್ಲ. ಜಲಾಶಯಕ್ಕೆ ಇಳಿಯುವ ಮುಂಚೆ ಲಿಖಿತ ಅನುಮತಿ ತಗೊಳ್ಳಿ. ಮಾಸ್ಟ್ ಎತ್ತುವ ಮುಂಚೆ ತಲೆ ಎತ್ತಿ ಕರೆಂಟಿನ ತಂತಿ ಇದೆಯಾ ನೋಡಿ. ಹೋಬಿ 16ರ ಮಾಸ್ಟ್ ಸುಮಾರು 8 ಮೀಟರ್, ಹೆಚ್ಚಿನ ಭಾಗ ಅಲ್ಯೂಮಿನಿಯಂ. ದಡದಲ್ಲಿ ಪಂಪ್‌ಸೆಟ್ ಲೈನ್‌ಗಳು ಅದಕ್ಕಿಂತ ಕೆಳಗೆ ಜೋತುಬಿದ್ದಿರುತ್ತವೆ.