ರಿಪೋರ್ಟ್ ಎಲ್ಲಾ ನಾರ್ಮಲ್, ಆದರೆ ಮಗನ ಕಾಲು ಏಳುತ್ತಿಲ್ಲ

ಆ ತಾಯಿ ಒಬ್ಬರೇ ಬಂದಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ದೊಡ್ಡ ಕವರ್, ಅದರ ತುಂಬ ಸ್ಕ್ಯಾನ್ ಫಿಲ್ಮು, ರಕ್ತ ಪರೀಕ್ಷೆಯ ಹಾಳೆಗಳು. ಕೂತವರೇ ಎಲ್ಲವನ್ನೂ ನನ್ನ ಟೇಬಲ್ ಮೇಲೆ ಹರಡಿದರು. "ನೋಡಿ ಮೇಡಂ, ಎಲ್ಲಾ ನಾರ್ಮಲ್ ಅಂತೆ. ಹಂಗಾದ್ರೆ ನನ್ನ ಮಗ ಯಾಕೆ ನಡೀತಿಲ್ಲ?"

ಅವರ ಮತ್ತು ಮಗನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ತಿಪಟೂರು ಕಡೆಯ ತೆಂಗಿನ ತೋಟದ ಮನೆ ಅಂದುಕೊಳ್ಳಿ. ಮಗನಿಗೆ 26 ವರ್ಷ, ಬೆಂಗಳೂರಿನಲ್ಲಿ ಕೆಲಸ, ಇಬ್ಬರು ಗೆಳೆಯರ ಜೊತೆ ರೂಮು. ಒಂದು ಸಂಜೆ ಮಳೆಯಲ್ಲಿ ಬೈಕ್ ಜಾರಿ ಬಿದ್ದ. ಮಂಡಿ ತರಚಿತು, ಸೊಂಟ ಸ್ವಲ್ಪ ಉಳುಕಿತು, ಅಷ್ಟೇ. ಮನೆಗೂ ಹೇಳಲಿಲ್ಲ. ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳೋಕೆ ಹೋದರೆ ಬಲಗಾಲು ಎತ್ತೋಕೇ ಆಗಲಿಲ್ಲ. "ಕಾಲು ನಂದಲ್ಲ ಅನ್ನೋ ಥರ ಇತ್ತು" ಅಂತ ಆಮೇಲೆ ನನಗೆ ಹೇಳಿದ.

ಗೆಳೆಯರು ತಡಮಾಡದೆ ಆಸ್ಪತ್ರೆಗೆ ಸೇರಿಸಿದರು. ಅದು ನೂರಕ್ಕೆ ನೂರು ಸರಿ. ಮುಂದೆ ನಾನು ಮನಸ್ಸು, ಮಿದುಳು ಅಂತೆಲ್ಲ ಮಾತಾಡುತ್ತೇನೆ, ಹಾಗಂತ ಯಾರೂ ಕೈಕಾಲು ಬಿದ್ದವರನ್ನು ಮೊದಲು ನನ್ನಂಥ ಆಪ್ತ ಸಲಹೆಗಾರರ ಹತ್ತಿರ ಕರೆದುಕೊಂಡು ಬರಬೇಡಿ. ದಿಢೀರನೆ ಒಂದು ಕಡೆ ಶಕ್ತಿ ಹೋದರೆ ಅದು ಪಾರ್ಶ್ವವಾಯು ಇರಬಹುದು. ರಕ್ತ ಹೆಪ್ಪುಗಟ್ಟಿ ಆಗಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಕೊಡೋಕೆ ಇರುವುದು ಸುಮಾರು ನಾಲ್ಕೂವರೆ ಗಂಟೆ ಮಾತ್ರ. ಜ್ವರವೋ ಭೇದಿಯೋ ಆಗಿ ಕೆಲವು ದಿನ ಕಳೆದು, ಪಾದದಿಂದ ಮೇಲಕ್ಕೆ ಶಕ್ತಿ ಇಳಿಯುತ್ತಾ ಬಂದರೆ ಗೀಯನ್ ಬಾರೆ ಅನ್ನುವ ನರದ ಕಾಯಿಲೆ ಇರಬಹುದು, ಅದು ಉಸಿರಾಟಕ್ಕೂ ತೊಂದರೆ ಮಾಡಬಹುದು. ಕಾಲಿನ ಜೊತೆ ಮೂತ್ರ, ಮಲದ ಹಿಡಿತವೂ ತಪ್ಪಿದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಪೊಟ್ಯಾಸಿಯಂ ತೀರಾ ಕಡಿಮೆಯಾದರೂ ಕೈಕಾಲು ಸೋಲುತ್ತವೆ. ಇವನ್ನೆಲ್ಲ ನೋಡಬೇಕಾದವರು ವೈದ್ಯರು. ಈ ಹುಡುಗನಿಗೆ ಎಂಆರ್‌ಐ, ನರಗಳ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲ ಆಗಿತ್ತು.

ಎಲ್ಲ ಸರಿ ಇದೆ ಅಂತ ಬಂದ ಮೇಲೆಯೇ ನಿಜವಾದ ಕಷ್ಟ ಶುರುವಾಗಿದ್ದು. ಮೊದಲ ಆಸ್ಪತ್ರೆಯಲ್ಲಿ ಯಾರೋ ಒಬ್ಬರು "ಏನೂ ಇಲ್ಲಮ್ಮ, ಟೆನ್ಷನ್ ಅಷ್ಟೇ, ಮನೆಗೆ ಕರ್ಕೊಂಡು ಹೋಗಿ" ಅಂದರಂತೆ. ಆ "ಏನೂ ಇಲ್ಲ" ಅನ್ನುವ ಮಾತು ಮನೆಯಲ್ಲಿ ಮಾಡಿದ ಅನಾಹುತ ದೊಡ್ಡದು. ಅಪ್ಪ ಅದನ್ನು "ನಾಟಕ ಆಡ್ತಿದಾನೆ" ಅಂತ ಅರ್ಥ ಮಾಡಿಕೊಂಡರು. ಸೋದರತ್ತೆ "ಗಾಳಿ ಸೋಕಿದೆ, ಶಾಸ್ತ್ರ ಕೇಳ್ಸಿ" ಅಂದರು. ತಾಯಿಗೆ ಮಾತ್ರ "ದೊಡ್ಡದೇನೋ ಇದೆ, ಡಾಕ್ಟರಿಗೆ ಸಿಕ್ಕಿಲ್ಲ" ಅನ್ನುವ ಭಯ. ಹಾಗಾಗಿ ಇನ್ನೊಂದು ಆಸ್ಪತ್ರೆ, ಇನ್ನೊಂದು ಸ್ಕ್ಯಾನು. ಕವರ್ ದಪ್ಪ ಆಗುತ್ತಾ ಹೋಯಿತು.

ಕಾಗದಗಳನ್ನು ಒಂದೊಂದಾಗಿ ನೋಡಿದಾಗ ಎರಡನೇ ಆಸ್ಪತ್ರೆಯ ಡಿಸ್ಚಾರ್ಜ್ ಹಾಳೆಯಲ್ಲಿ ಕಾಯಿಲೆಯ ಹೆಸರು ಬರೆದಿತ್ತು. ಫಂಕ್ಷನಲ್ ನ್ಯೂರಲಾಜಿಕಲ್ ಡಿಸಾರ್ಡರ್. ಹೆಸರು ಇತ್ತು, ಅರ್ಥ ಯಾರೂ ಬಿಡಿಸಿ ಹೇಳಿರಲಿಲ್ಲ. ಎರಡು ತಿಂಗಳು ಆ ಹಾಳೆ ಕವರ್‌ನಲ್ಲೇ ಇತ್ತು. ನನಗೆ ತುಂಬ ಸಂಕಟವಾಯಿತು.

ಅವರಿಗೆ ನಾನು ಹೇಳಿದ್ದು ಹೀಗೆ. "ಅಮ್ಮ, ನಿಮ್ಮ ತೋಟದಲ್ಲಿ ಮೋಟರ್ ಸುಟ್ಟಿಲ್ಲ, ಪೈಪ್ ಒಡೆದಿಲ್ಲ, ಬೋರ್‌ನಲ್ಲಿ ನೀರೂ ಇದೆ. ಆದರೂ ಕೆಲವು ಸಲ ನೀರು ಬರಲ್ಲ, ಯಾಕೆ?" ತಕ್ಷಣ ಹೇಳಿದರು, "ಸ್ಟಾರ್ಟರ್ ಹಿಡ್ಕೊಳ್ಳಲ್ಲ ಮೇಡಂ." ಅದೇ ಇದು. ಸ್ಕ್ಯಾನ್‌ನಲ್ಲಿ ಮೋಟರು, ಪೈಪು ಕಾಣುತ್ತವೆ. ಸ್ಟಾರ್ಟರ್ ಹಿಡಿಯದೇ ಇರುವುದು ಕಾಣುವುದಿಲ್ಲ. ಕಾಲು ಎತ್ತು ಅಂತ ಮಿದುಳು ಕಳಿಸುವ ಅಪ್ಪಣೆ ದಾರಿಯಲ್ಲಿ ಸಿಕ್ಕಿಕೊಳ್ಳುತ್ತಿದೆ. ಕಾಯಿಲೆ ನಿಜ. ಅವನು ಬೇಕು ಅಂತ ಮಾಡುತ್ತಿಲ್ಲ.

ಇದನ್ನು ನನ್ನ ಬಾಯಿಂದ ಕೇಳಿ ನಂಬುವುದಕ್ಕಿಂತ ಅದೇ ನರರೋಗ ತಜ್ಞರ ಹತ್ತಿರ ಮತ್ತೊಮ್ಮೆ ಹೋಗಿ, ಈ ಹೆಸರು ಹೇಗೆ ಕೊಟ್ಟಿರಿ ಅಂತ ಕೇಳಿ, ಹೂವರ್ ಪರೀಕ್ಷೆ ಮಾಡಿದ್ದರೆ ನಮ್ಮೆದುರು ಮಾಡಿ ತೋರಿಸಿ ಅಂತ ವಿನಂತಿಸಿ ಅಂದೆ. 1908ರಲ್ಲಿ ಹೂವರ್ ಎಂಬ ಅಮೆರಿಕದ ವೈದ್ಯರು ವಿವರಿಸಿದ ಪರೀಕ್ಷೆ ಅದು. ಯಾವ ಯಂತ್ರವೂ ಬೇಕಿಲ್ಲ. ಅಂಗಾತ ಮಲಗಿಸಿ ಸೋತ ಕಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಒತ್ತು ಅಂದರೆ ಅದು ಒತ್ತುವುದಿಲ್ಲ. ಆದರೆ ಚೆನ್ನಾಗಿರುವ ಕಾಲನ್ನು ಜೋರಾಗಿ ಮೇಲೆತ್ತು ಅಂದಾಗ, ಸೋತ ಕಾಲು ತನ್ನಷ್ಟಕ್ಕೆ ತಾನೇ ಕೆಳಕ್ಕೆ ಒತ್ತುತ್ತದೆ. ಗಮನ ಅದರ ಮೇಲೆ ಇಲ್ಲದಿದ್ದಾಗ ಶಕ್ತಿ ಬರುತ್ತದೆ. ಅಂದರೆ ಏನೂ ಸಿಗಲಿಲ್ಲ ಅಂತ ಕೊಟ್ಟ ಹೆಸರಲ್ಲ ಇದು, ಪರೀಕ್ಷೆಯಲ್ಲಿ ಸಿಕ್ಕಿದ್ದನ್ನು ನೋಡಿಯೇ ಕೊಟ್ಟ ಹೆಸರು.

ಆ ವೈದ್ಯರು ತಾಳ್ಮೆಯಿಂದ ತೋರಿಸಿದರಂತೆ. ತಾಯಿಯ ಕೈಯನ್ನೇ ಮಗನ ಹಿಮ್ಮಡಿ ಕೆಳಗೆ ಇಡಿಸಿದರಂತೆ. "ನನ್ನ ಕೈ ಅದುಮ್ತು ಮೇಡಂ, ಅವನ ಕಾಲು ನನ್ನ ಕೈ ಅದುಮ್ತು" ಅಂತ ಎರಡನೇ ಸಲ ಬಂದಾಗ ಅತ್ತರು. ಆ ಸಲ ಅಪ್ಪನೂ ಜೊತೆಗೆ ಬಂದಿದ್ದರು. ಅವರು "ಹಂಗಾದ್ರೆ ಶಕ್ತಿ ಐತಲ್ಲ, ಬೇಕು ಅಂದ್ರೆ ಎತ್ತಬೋದಲ್ವಾ?" ಅಂದರು. ಎಷ್ಟೋ ಜನ ಕೇಳುವ ಪ್ರಶ್ನೆ ಇದು, ತಪ್ಪಲ್ಲ. ಮದುವೆ ಮನೆಯಲ್ಲಿ ಎಲ್ಲರೂ ನೋಡುತ್ತಿರುವಾಗ ಸ್ಟೇಜ್ ಹತ್ತುವಾಗ ನಿಮ್ಮ ನಡಿಗೆ ನಿಮಗೇ ವಿಚಿತ್ರ ಅನಿಸುವುದಿಲ್ವಾ, ಹೆಜ್ಜೆ ತಡವರಿಸುವುದಿಲ್ವಾ, ಆಗ ನೀವು ಬೇಕು ಅಂತ ತಡವರಿಸುತ್ತೀರಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಗನಿಗೆ ಬೈದಿದ್ದನ್ನೆಲ್ಲ ನೆನೆಸಿಕೊಂಡರೋ ಏನೋ, ಆಮೇಲೆ ಹೆಚ್ಚು ಮಾತಾಡಲಿಲ್ಲ.

ಈಗ ತಾಯಿಯ ವಿಷಯ. ನನ್ನ ಹತ್ತಿರ ಸಲಹೆಗೆ ಬಂದವರು ಅವರು, ಮಗ ಅಲ್ಲ. ಅವರು ಮಗನ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಕಿಕೊಂಡು ಮಲಗುತ್ತಿದ್ದರು. ರಾತ್ರಿ ಮೂರು ಸಲ ಎದ್ದು ಕಾಲು ಮುಟ್ಟಿ ನೋಡುತ್ತಿದ್ದರು. ಬೆಳಿಗ್ಗೆ ಕಾಫಿ ಕೊಡುವಾಗ "ಕಾಲು ಹೆಂಗಿದೆ ಮಗ?" ಸ್ನಾನಕ್ಕೆ ಮುಂಚೆ "ಸ್ವಲ್ಪ ಎತ್ತು ನೋಡಣ." ಊಟಕ್ಕೆ ಕೂತಾಗ ಮತ್ತೆ. ದಿನಕ್ಕೆ ಎಷ್ಟು ಸಲ ಕೇಳುತ್ತೀರಿ ಅಂತ ಎಣಿಸಿಕೊಂಡು ಬನ್ನಿ ಅಂದಿದ್ದೆ. ಇಪ್ಪತ್ತೆಂಟು ಅಂದರು. ಅಮ್ಮನ ಪ್ರೀತಿ ಅದು, ಬೇರೇನೂ ಅಲ್ಲ. ಆದರೆ ಗಮನ ಕಾಲಿನ ಮೇಲೆ ಹೋದಷ್ಟೂ ಈ ಕಾಯಿಲೆ ಗಟ್ಟಿಯಾಗುತ್ತದೆ. ಇಪ್ಪತ್ತೆಂಟು ಸಲ ಕೇಳಿದರೆ ಇಪ್ಪತ್ತೆಂಟು ಸಲ ಅವನ ಮನಸ್ಸು ಕಾಲಿಗೇ ಹೋಗಿ ಬಂತು. ನಾನು ಕೊಟ್ಟ ಮೊದಲ ಸಲಹೆ ಇದೇ: ಕಾಲಿನ ವಿಷಯ ಅವನಾಗಿ ಎತ್ತಿದರೆ ಮಾತಾಡಿ, ನೀವಾಗಿ ಕೇಳಬೇಡಿ. ಬೇರೆ ಏನು ಬೇಕಾದರೂ ಕೇಳಿ. ಸಾರಿಗೆ ಉಪ್ಪು ಸರಿ ಇದೆಯಾ, ಕೊಬ್ಬರಿ ರೇಟು ಎಷ್ಟಾಯ್ತು ನೋಡು, ಏನಾದರೂ.

ಎರಡನೆಯದು ಹೇಳುವಾಗ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವರು ಮಗನ ಫೋನ್ ತೆಗೆದು ನೋಡಿದ್ದರು, ರೂಮ್‌ಮೇಟ್‌ಗೆ ಫೋನ್ ಮಾಡಿ "ಯಾವ್ದಾದ್ರೂ ಹುಡ್ಗಿ ವಿಷ್ಯನಾ? ಸಾಲ ಮಾಡ್ಕೊಂಡಿದಾನಾ?" ಅಂತ ವಿಚಾರಿಸಿದ್ದರು. ಟೆನ್ಷನ್ ಅಂತ ಯಾರೋ ಅಂದರಲ್ಲ, ಆ ಟೆನ್ಷನ್ ಯಾವುದು ಅಂತ ಹುಡುಕುತ್ತಿದ್ದರು. ಈ ಕಾಯಿಲೆ ಬಂದವರೆಲ್ಲರ ಹಿಂದೆಯೂ ಒಂದು ಗುಟ್ಟಿನ ದುಃಖ ಇರಲೇಬೇಕು ಅಂತ ಇಲ್ಲ. ಸಣ್ಣ ಪೆಟ್ಟು, ಒಂದು ಜ್ವರ, ಒಮ್ಮೆ ತಲೆಸುತ್ತಿ ಬಿದ್ದದ್ದು, ಇಷ್ಟರಿಂದಲೂ ಶುರುವಾಗುತ್ತದೆ. ಕೆಲವರಿಗೆ ಮನಸ್ಸಿನ ಭಾರವೂ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಇದ್ದರೂ ಅದನ್ನು ಯಾರಿಗೆ ಹೇಳಬೇಕು ಅನ್ನುವುದು 26 ವರ್ಷದ ಮಗನಿಗೆ ಸೇರಿದ್ದು. ಹಾಸಿಗೆಯಲ್ಲಿ ಮಲಗಿದ್ದಾನೆ ಅಂದ ಮಾತ್ರಕ್ಕೆ ಅವನು ಆರು ವರ್ಷದ ಮಗು ಆಗುವುದಿಲ್ಲ. ಫೋನ್ ನೋಡಿದ್ದಕ್ಕೆ ಅವನ ಹತ್ತಿರ ತಪ್ಪಾಯ್ತು ಅನ್ನಿ ಅಂದೆ. ಅವರಿಗೆ ಇದು ಕಷ್ಟವಾಯಿತು. ನಮ್ಮಲ್ಲಿ ತಾಯಿ ಮಗನಿಗೆ ತಪ್ಪಾಯ್ತು ಅನ್ನುವುದು ಕಡಿಮೆ ಅಲ್ವಾ. ಆದರೂ ಹೇಳಿದರು.

"ಡಾಕ್ಟರೇ ತಪ್ಪಿದ್ರೆ?" ಅಂತ ಕೇಳಿದರು. ನ್ಯಾಯವಾದ ಭಯ. ಹಿಂದಿನ ಕಾಲದಲ್ಲಿ ಇಂಥ ಲಕ್ಷಣಗಳಿಗೆ ಹಿಸ್ಟೀರಿಯಾ ಅಂತ ಹೆಸರು ಕೊಟ್ಟು ಕಳಿಸಿದವರಲ್ಲಿ ಎಷ್ಟೋ ಜನಕ್ಕೆ ಬೇರೆ ಕಾಯಿಲೆ ಇರುತ್ತಿತ್ತು. ಆ ಪದವನ್ನು ಇವತ್ತಿಗೂ ಬೈಗುಳದ ಹಾಗೆ ಬಳಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ 2005ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, 1970ರಿಂದ ಈಚೆಗೆ ಹಾಗೆ ತಪ್ಪುವುದು ನೂರಕ್ಕೆ ನಾಲ್ಕರಷ್ಟು ಅಂತ ಕಂಡುಬಂತು. ಸೊನ್ನೆ ಅಲ್ಲ, ಹಾಗಾಗಿ ಒಬ್ಬರೇ ವೈದ್ಯರ ಹತ್ತಿರ ತಪ್ಪದೆ ತೋರಿಸುತ್ತಿರಿ, ಹೊಸ ಲಕ್ಷಣ ಬಂದರೆ ಅವತ್ತೇ ಹೇಳಿ. ಆದರೆ ಪ್ರತಿ ತಿಂಗಳು ಹೊಸ ಊರು, ಹೊಸ ಸ್ಕ್ಯಾನ್ ಬೇಡ.

ಹರಕೆ ವಿಷಯಕ್ಕೆ ನಾನು ಅಡ್ಡ ಬರಲಿಲ್ಲ. ಮನೆದೇವರಿಗೆ ಹೋಗಿ ಬಂದರೆ ತಾಯಿಗೆ ಸಮಾಧಾನ ಆಗುತ್ತದೆ ಅಂದರೆ ಹೋಗಿ ಬರಲಿ. ಬರೆ ಹಾಕಿಸುವುದು, ಹೊಡೆಸುವುದು, ಉಪವಾಸ ಕೆಡವುವುದು ಮಾತ್ರ ಯಾವ ಕಾರಣಕ್ಕೂ ಬೇಡ ಅಂತ ಅಪ್ಪನ ಹತ್ತಿರವೂ ಮಾತು ತೆಗೆದುಕೊಂಡೆ.

ಚಿಕಿತ್ಸೆ ಅಂದರೆ ಮುಖ್ಯವಾಗಿ ಫಿಸಿಯೋಥೆರಪಿ. ಈ ಕಾಯಿಲೆ ಗೊತ್ತಿರುವವರು ಮಾಡಿಸುವ ರೀತಿಯೇ ಬೇರೆ. ಕಾಲಿಗೆ ತೂಕ ಕಟ್ಟಿ ಎತ್ತು ಅನ್ನುವುದಿಲ್ಲ. ಹಾಡು ಹಾಕಿ ತಾಳಕ್ಕೆ ಹೆಜ್ಜೆ ಹಾಕಿಸುತ್ತಾರೆ, ಮಾತಾಡಿಸುತ್ತಾ ನಡೆಸುತ್ತಾರೆ, ಹಿಂದಕ್ಕೆ ನಡೆಸಿ ನೋಡುತ್ತಾರೆ. ಈ ಹುಡುಗ ಮುಂದಕ್ಕಿಂತ ಹಿಂದಕ್ಕೆ ಚೆನ್ನಾಗಿ ನಡೆದ. ಅದನ್ನು ನೋಡಿ ನೆಂಟರಲ್ಲಿ ಒಬ್ಬರು ಮತ್ತೆ ನಾಟಕ ಅಂದರು. ತಾಯಿಯೇ ಅವರಿಗೆ ಸ್ಟಾರ್ಟರ್ ಕಥೆ ಹೇಳಿದರಂತೆ.

ಕೊನೆಗೆ ಅವರದೇ ಆರೋಗ್ಯ. ಬಿಪಿ ಮಾತ್ರೆ ಬಿಟ್ಟು ಐದು ವಾರ ಆಗಿತ್ತು. ಊಟ ನಿಂತುಕೊಂಡೇ. ಮಾತ್ರೆ ಶುರು ಮಾಡಿಸಿದೆ, ಚಾಪೆಯನ್ನು ಅವರ ಕೋಣೆಗೆ ಹಾಕಿಸಿದೆ. ರಾತ್ರಿ ಎದೆ ಡವಡವ ಅಂದಾಗ ನನಗೆ ಫೋನ್ ಮಾಡೋಕೆ ಆಗದಿದ್ದರೆ 14416ಕ್ಕೆ ಮಾಡಿ ಅಂದೆ. ಅದು ಸರ್ಕಾರದ ಟೆಲಿ ಮಾನಸ್, 2022ರಿಂದ ಇದೆ, ಇಡೀ ದಿನ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡುತ್ತಾರೆ. ಒಂದೆರಡು ಸಲ ಮಾಡಿದೆ ಅಂದರು.

ಮೂರೂವರೆ ತಿಂಗಳಿಗೆ ಮಗ ಕೋಲು ಬಿಟ್ಟ. ಕೆಲಸಕ್ಕೆ ಇನ್ನೂ ವಾಪಸ್ ಹೋಗಿರಲಿಲ್ಲ. ನಡುವೆ ಒಂದು ಜ್ವರ ಬಂದು ನಾಲ್ಕು ದಿನ ಕಾಲು ಮತ್ತೆ ಸೋತಿತು. ಹಾಗೆ ಆಗುತ್ತದೆ ಅಂತ ಮೊದಲೇ ಹೇಳಿದ್ದೆ. ತಾಯಿ ಅವತ್ತೇ ವೈದ್ಯರಿಗೆ ತಿಳಿಸಿ, ಅವರು ನೋಡಿ ಭಯವಿಲ್ಲ ಅಂದ ಮೇಲೆ ನನಗೆ ಫೋನ್ ಮಾಡಿದರು. ಈ ಸಲ ಅಳಲಿಲ್ಲ.

"ಕಾಲು ಹೆಂಗಿದೆ ಅಂತ ಕೇಳ್ಲಿಲ್ಲ ಮೇಡಂ. ಬಾಯಿ ತುದಿಗೆ ಬಂದಿತ್ತು, ನುಂಗ್ಕೊಂಡೆ. ಸಂಜೆ ತ್ರೀ ಫೇಸ್ ಬಂತು, ಮೋಟರ್ ಹಾಕ್ಬಿಟ್ಟು ಬಾ ಮಗ ಅಂದೆ. ಗೋಡೆ ಹಿಡ್ಕೊಂಡು ನಿಧಾನಕ್ಕೆ ಹೋದ. ನಾನು ಒಳಗೇ ಇದ್ದೆ, ಕಿಟಕಿ ಹತ್ರಾನೂ ಹೋಗ್ಲಿಲ್ಲ. ಕಾಲು ಗಂಟೆ ಆದ್ಮೇಲೆ ಪೈಪಲ್ಲಿ ನೀರು ಬಿದ್ದಿದ್ದು ಕೇಳಿಸ್ತು."