ಚೆಂಡು ಬಿಟ್ಟು ಚಕ್ರ ನೋಡಿ

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ: ‘ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ವೀಲ್‌ಚೇರ್ ಟೆನಿಸ್ ಫೈನಲ್ ನೋಡಿದಾಗಿನಿಂದ ಈ ಆಟದ ಹುಚ್ಚು ಹತ್ತಿದೆ. 2026ರ ಜನವರಿಯಿಂದ ಇಡೀ ವರ್ಷ ಬಿಡದೆ ನೋಡಬೇಕೆಂದಿದ್ದೇನೆ. ಪತ್ರಿಕೆಗಳಲ್ಲಿ ಒಂದು ಸಾಲಿನ ಸುದ್ದಿ ಬಿಟ್ಟರೆ ಏನೂ ಸಿಗುವುದಿಲ್ಲ. ಎಲ್ಲಿಂದ ಶುರು ಮಾಡಲಿ? ಚೆಂಡು ಎರಡು ಸಲ ಪುಟಿಯಬಹುದು ಎಂದ ಮೇಲೆ ಆಟ ಸುಲಭವಾಯಿತಲ್ಲವೇ? ಪಂದ್ಯ ಮುಗಿದ ಮೇಲೆ ಕುರ್ಚಿಯಿಂದ ಎದ್ದು ನಿಲ್ಲುವ ಆಟಗಾರರೂ ಇದ್ದಾರಂತೆ, ಇದು ಸರಿಯೇ? ಗಾಲಿಕುರ್ಚಿ ಬಳಸುವ ನನ್ನ ತಂಗಿಯ ಮಗನ ಜೊತೆ ನಾನು ಆಡಬಹುದೇ?’

ಪ್ರಿಯ ಓದುಗರೇ,

ನಿಮ್ಮ ಎರಡನೇ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇವೆ. ಅದು ಬಗೆಹರಿಯದಿದ್ದರೆ ವರ್ಷವಿಡೀ ಪಂದ್ಯ ನೋಡಿದರೂ ಅರ್ಧ ಆಟ ಕಣ್ಣಿಗೇ ಬೀಳುವುದಿಲ್ಲ.

ಕೋರ್ಟು, ನೆಟ್ಟು, ರ‍್ಯಾಕೆಟ್, ಚೆಂಡು ಎಲ್ಲವೂ ಮಾಮೂಲಿ ಟೆನಿಸ್ಸಿನವೇ. ಮುಖ್ಯ ವ್ಯತ್ಯಾಸ ಒಂದು: ಚೆಂಡು ಮೂರನೇ ಸಲ ನೆಲ ಮುಟ್ಟುವುದರೊಳಗೆ ಹೊಡೆದರೆ ಸಾಕು. ಮೊದಲ ಪುಟಿತ ಗೆರೆಯೊಳಗೆ ಬೀಳಬೇಕು, ಎರಡನೆಯದು ಎಲ್ಲಿ ಬಿದ್ದರೂ ನಡೆಯುತ್ತದೆ. ಕೇಳಿದರೆ ರಿಯಾಯಿತಿ ಅನ್ನಿಸುತ್ತದೆ. ಆದರೆ ನಿಂತು ಆಡುವವರು ಯೋಚಿಸದೇ ಮಾಡುವ ಒಂದು ಕೆಲಸ ಇಲ್ಲಿ ಸಾಧ್ಯವೇ ಇಲ್ಲ. ಗಾಲಿಕುರ್ಚಿ ಮುಂದೆ ಹೋಗುತ್ತದೆ, ಹಿಂದೆ ಹೋಗುತ್ತದೆ, ಇದ್ದಲ್ಲೇ ತಿರುಗುತ್ತದೆ, ಪಕ್ಕಕ್ಕೆ ಸರಿಯುವುದಿಲ್ಲ. ಎಡಕ್ಕೆ ಒಂದು ಮೀಟರ್ ಹೋಗಬೇಕಾದರೂ ಕುರ್ಚಿ ತಿರುಗಿಸಿ, ತಳ್ಳಿ, ಮತ್ತೆ ತಿರುಗಿಸಬೇಕು. ಇಷ್ಟೂ ಕೈಯಲ್ಲೇ ಆಗಬೇಕು, ಒಂದು ಕೈಯಲ್ಲಿ ರ‍್ಯಾಕೆಟ್ ಬೇರೆ ಇರುತ್ತದೆ. ರ‍್ಯಾಕೆಟ್ಟಿನ ಹಿಡಿಯನ್ನು ಚಕ್ರದ ಹೊರಬಳೆಗೆ ಒತ್ತಿಯೇ ತಳ್ಳುತ್ತಾರೆ.

ಹಾಗಾಗಿ ಪಂದ್ಯ ನೋಡುವಾಗ ಚೆಂಡನ್ನು ಬಿಟ್ಟು, ಈಗಷ್ಟೇ ಹೊಡೆದು ಮುಗಿಸಿದವರ ಚಕ್ರದ ಮೇಲೆ ಕಣ್ಣಿಡಿ. ಒಳ್ಳೆಯ ಆಟಗಾರರು ಹೊಡೆತ ಮುಗಿದ ಕ್ಷಣವೇ ಕುರ್ಚಿಯನ್ನು ತಿರುಗಿಸಿ, ಕೆಲವೊಮ್ಮೆ ಎದುರಾಳಿಗೆ ಬೆನ್ನು ಮಾಡಿ, ಬೇಸ್‌ಲೈನಿನ (ಅಂಕಣದ ಹಿಂಬದಿ ಗೆರೆ) ಹಿಂದಿನ ನಡುಜಾಗದ ಕಡೆಗೆ ಉರುಳುತ್ತಾರೆ. ಹೆಗಲ ಮೇಲಿಂದ ಎದುರಾಳಿಯ ರ‍್ಯಾಕೆಟ್ ಗಮನಿಸುತ್ತಾ, ಅವರು ಹೊಡೆಯುವ ಹೊತ್ತಿಗೆ ಸರಿಯಾಗಿ ಮುಂದಿನ ತಿರುವು ಶುರು ಮಾಡುತ್ತಾರೆ. ಕುರ್ಚಿ ಪೂರ್ತಿ ನಿಲ್ಲುವುದೇ ಇಲ್ಲ. ನಿಂತ ಕುರ್ಚಿಯನ್ನು ಮತ್ತೆ ಓಡಿಸಲು ಬೇಕಾಗುವ ಮೊದಲ ಎರಡು ತಳ್ಳುಗಳಿಗೇ ಎಲ್ಲಕ್ಕಿಂತ ಹೆಚ್ಚು ಬಲ, ಹೆಚ್ಚು ಹೊತ್ತು ಹಿಡಿಯುತ್ತದೆ. ಮೂರನೇ ಸೆಟ್ಟಿನಲ್ಲಿ ಯಾರಾದರೂ ಹೊಡೆದ ಮೇಲೆ ಅರೆಕ್ಷಣ ಸುಮ್ಮನೆ ಕುಳಿತುಬಿಟ್ಟರೆ ಅವರ ತೋಳು ಸೋತಿದೆ ಎಂದು ತಿಳಿಯಿರಿ. ಸ್ಕೋರ್‌ಬೋರ್ಡ್ ಅದನ್ನು ಹೇಳುವುದು ಎರಡು ಗೇಮ್ ಆದ ಮೇಲೆ.

ಇನ್ನು ಎರಡನೇ ಪುಟಿತ. ಅದಕ್ಕೆ ಕಾದರೆ ಚೆಂಡು ತಗ್ಗಿ ಬರುತ್ತದೆ, ಆಟಗಾರ ಬೇಸ್‌ಲೈನಿನಿಂದ ಹಿಂದೆ ಹಿಂದೆ ಹೋಗಿರುತ್ತಾನೆ, ಎದುರಾಳಿಗೆ ಕುರ್ಚಿ ಸರಿಪಡಿಸಿಕೊಳ್ಳಲು ಧಾರಾಳ ಸಮಯ ಸಿಗುತ್ತದೆ. ಅದು ಪ್ರಾಣ ಉಳಿಸಿಕೊಳ್ಳುವ ಹೊಡೆತ, ಅಂಕ ಗೆಲ್ಲುವ ಹೊಡೆತವಲ್ಲ. ಜಪಾನಿನ ಟೊಕಿಟೊ ಒಡಾ ಇಷ್ಟು ಬೇಗ ಮೇಲೇರಿದ್ದರ ಗುಟ್ಟು ಇಲ್ಲೇ ಇದೆ. ಎಡಗೈ ಆಟಗಾರ, ಬೇಸ್‌ಲೈನಿಗೆ ಅಂಟಿಕೊಂಡು, ಮೊದಲ ಪುಟಿತದಲ್ಲೇ, ಅದೂ ಚೆಂಡು ಮೇಲೇಳುತ್ತಿರುವಾಗಲೇ ಬಾರಿಸುತ್ತಾನೆ. ಯಾವುದಾದರೂ ಒಂದು ಸೆಟ್ಟಿನಲ್ಲಿ ಇಬ್ಬರೂ ಎಷ್ಟು ಚೆಂಡುಗಳನ್ನು ಎರಡನೇ ಪುಟಿತದಲ್ಲಿ ತೆಗೆದುಕೊಂಡರು ಎಂದು ಕಾಗದದ ಮೇಲೆ ಗೀಟು ಹಾಕಿ ನೋಡಿ. ಯಾರು ಆಟವನ್ನು ನಡೆಸುತ್ತಿದ್ದಾರೆ, ಯಾರು ಅದರ ಹಿಂದೆ ಓಡುತ್ತಿದ್ದಾರೆ ಎಂಬುದು ತಾನೇ ಗೊತ್ತಾಗುತ್ತದೆ.

ಸರ್ವ್ ಬಗ್ಗೆಯೂ ಒಂದು ಮಾತು. ಸರ್ವ್‌ಗೆ ಮುನ್ನ ಕುರ್ಚಿ ನಿಶ್ಚಲವಾಗಿರಬೇಕು, ಆಮೇಲೆ ಚೆಂಡು ಹೊಡೆಯುವುದರೊಳಗೆ ಒಂದೇ ಒಂದು ತಳ್ಳಿಗೆ ಅವಕಾಶ. ಕುಳಿತು ಹೊಡೆಯುವುದರಿಂದ ರ‍್ಯಾಕೆಟ್ ತಾಗುವ ಎತ್ತರ ಕಡಿಮೆ, ನೆಟ್ಟಿನ ಮೇಲೆ ಹಾಯಿಸಿ ಸರ್ವಿಸ್ ಬಾಕ್ಸಿನೊಳಗೆ ಬೀಳಿಸಲು ಸಿಗುವ ಕೋನ ಚಿಕ್ಕದು. ಅದಕ್ಕೇ ಇಲ್ಲಿ ಸರ್ವ್ ಮುರಿಯುವುದು (ಸರ್ವ್ ಮಾಡುವವರ ಗೇಮನ್ನು ಎದುರಾಳಿ ಗೆಲ್ಲುವುದು) ದೊಡ್ಡ ಸುದ್ದಿಯೇನಲ್ಲ. ಪುರುಷರ ಟೆನಿಸ್ ನೋಡಿ ರೂಢಿಯಾದವರು ‘5–3 ಆಯಿತು, ಸೆಟ್ ಮುಗಿಯಿತು’ ಎಂದು ಎದ್ದು ಹೋಗುತ್ತಾರೆ. ಇಲ್ಲಿ ಹಾಗೆ ಏಳಬೇಡಿ. ನೀವು ನೋಡಿದ ಪ್ಯಾರಿಸ್ ಫೈನಲ್ಲೇ ಇದಕ್ಕೆ ಸಾಕ್ಷಿ. ಬ್ರಿಟನ್ನಿನ ಆಲ್ಫಿ ಹ್ಯೂಯೆಟ್ ಕೊನೆಯ ಸೆಟ್ಟಿನಲ್ಲಿ ಮುಂದಿದ್ದರೂ ಒಡಾ 6–2, 4–6, 7–5ರಿಂದ ಚಿನ್ನ ಕಿತ್ತುಕೊಂಡ.

ನಿಯಮ ಪುಸ್ತಕದಲ್ಲಿ ನೆನಪಿಡಬೇಕಾದವು ಇನ್ನು ಕೆಲವೇ. ಕುರ್ಚಿ ಆಟಗಾರನ ದೇಹದ ಭಾಗವಿದ್ದಂತೆ, ಚೆಂಡು ಚಕ್ರಕ್ಕೆ ತಾಗಿದರೂ ಅಂಕ ಹೋಯಿತು. ಹೊಡೆಯುವಾಗ ಒಂದು ಕಡೆಯ ಪೃಷ್ಠವಾದರೂ ಸೀಟಿಗೆ ತಾಗಿರಬೇಕು. ಕಾಲನ್ನು ನೆಲಕ್ಕೋ ಚಕ್ರಕ್ಕೋ ಒತ್ತಿ ಬ್ರೇಕಿನಂತೆ ಬಳಸುವಂತಿಲ್ಲ. ಕುರ್ಚಿಗೆ ಗೇರು, ಸನ್ನೆಕೋಲು ಯಾವುದೂ ಕೂಡದು.

ಈಗ ಎದ್ದು ನಿಲ್ಲುವವರ ವಿಷಯ. ತಪ್ಪೇನಿಲ್ಲ, ಮೋಸವೂ ಅಲ್ಲ. ಓಪನ್ ಎಂಬ ಮುಖ್ಯ ವಿಭಾಗದಲ್ಲಿ (ಪುರುಷರು, ಮಹಿಳೆಯರು) ಆಡಲು ಕಾಲುಗಳಲ್ಲಿ ಶಾಶ್ವತವಾದ, ಅಳೆದು ತೋರಿಸಬಹುದಾದ ಊನ ಇರಬೇಕು. ನಡೆಯಲಾರದವರೇ ಆಗಿರಬೇಕು ಎಂದಿಲ್ಲ. ಹ್ಯೂಯೆಟ್‌ಗೆ ಇರುವುದು ಪರ್ಥೀಸ್ ಎಂಬ ಸೊಂಟದ ಕೀಲಿನ ಕಾಯಿಲೆ. 2019ರಲ್ಲಿ ಅರ್ಹತಾ ನಿಯಮ ಬಿಗಿಯಾದಾಗ ಅವರು ಆಟದಿಂದಲೇ ಹೊರಬೀಳುವ ಪರಿಸ್ಥಿತಿ ಬಂದಿತ್ತು. 2021ರ ಕೊನೆಯಲ್ಲಿ ನಿಯಮ ಮತ್ತೆ ಬದಲಾಗಿ ಉಳಿದುಕೊಂಡರು. ಸೊಂಟ, ಹೊಟ್ಟೆಯ ಸ್ನಾಯುಗಳು ಚೆನ್ನಾಗಿ ಕೆಲಸ ಮಾಡುವವರಿಗೆ ಮುಂದೆ ಬಾಗಿ ಹೊಡೆಯುವುದು ಸುಲಭ ಎನ್ನುವುದು ನಿಜ. ಬೆನ್ನುಹುರಿಗೆ ಪೆಟ್ಟಾದವರು ಅದನ್ನು ಸೀಟಿನ ಆಕಾರದಿಂದ, ಸೊಂಟ ಮತ್ತು ತೊಡೆಯ ಪಟ್ಟಿಗಳಿಂದ ತುಂಬಿಕೊಳ್ಳಬೇಕು. ಈ ಅಸಮಾನತೆ ಓಪನ್ ವಿಭಾಗದಲ್ಲಿ ಇದ್ದೇ ಇದೆ, ಮುಚ್ಚಿಡುವುದು ಬೇಡ. ಆದರೆ ಇದನ್ನೂ ಹತ್ತು ತುಂಡು ಮಾಡಿದರೆ ಪ್ರತಿ ತುಂಡಿನಲ್ಲೂ ನಾಲ್ಕೈದು ಜನ ಉಳಿಯುತ್ತಾರೆ. ಈಗಿರುವ ಏರ್ಪಾಡೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಕೈಗಳಲ್ಲೂ ಬಲ ಕಡಿಮೆ ಇರುವವರಿಗೆ ಕ್ವಾಡ್ ಎಂಬ ಬೇರೆ ವಿಭಾಗವಿದೆ. ಹಲವರು ರ‍್ಯಾಕೆಟ್ಟನ್ನು ಟೇಪು ಸುತ್ತಿ ಕೈಗೆ ಬಿಗಿದುಕೊಂಡಿರುತ್ತಾರೆ. ಮೋಟಾರು ಕುರ್ಚಿಗೂ ಅನುಮತಿ ಇರುವುದು ಇಲ್ಲಿ ಮಾತ್ರ. ಕತ್ತಿನ ಭಾಗದ ಬೆನ್ನುಹುರಿಗೆ ಪೆಟ್ಟಾದವರಿಗೆ ಮೈ ಸರಿಯಾಗಿ ಬೆವರುವುದಿಲ್ಲ, ಒಳಗಿನ ಬಿಸಿ ಸುಲಭವಾಗಿ ಹೊರಹೋಗುವುದಿಲ್ಲ. ಅಂಥವರು ಬಿಡುವಿನಲ್ಲಿ ಮುಖಕ್ಕೆ ನೀರು ಸಿಂಪಡಿಸಿಕೊಂಡು, ಕತ್ತಿಗೆ ಐಸ್ ಒತ್ತಿಕೊಂಡು ಕೂರುವುದು ಶೋಕಿಗಲ್ಲ. ಮೆಲ್ಬರ್ನಿನ ಜನವರಿ ಬಿಸಿಲಿನಲ್ಲಿ ಇದೇ ಪಂದ್ಯದ ದಿಕ್ಕು ಬದಲಿಸಬಹುದು. 2025ರಲ್ಲಿ ಈ ವಿಭಾಗದಲ್ಲಿ ಹಾಲೆಂಡಿನ ನೀಲ್ಸ್ ವಿಂಕ್, ಸ್ಯಾಮ್ ಶ್ರೋಡರ್ ಮತ್ತು 2024, 2025ರ ಫ್ರೆಂಚ್ ಓಪನ್ ಗೆದ್ದ ಇಸ್ರೇಲಿನ ಗೈ ಸಾಸನ್ ಅವರದೇ ದರಬಾರು.

ಕುರ್ಚಿಯನ್ನೂ ಒಮ್ಮೆ ಹತ್ತಿರದಿಂದ ನೋಡಿ. ಎರಡು ದೊಡ್ಡ ಚಕ್ರಗಳು ಮೇಲೆ ಹತ್ತಿರ, ಕೆಳಗೆ ಅಗಲ ಇರುವಂತೆ ಸುಮಾರು 20 ಡಿಗ್ರಿ ಓರೆಯಾಗಿರುತ್ತವೆ. ಇದರಿಂದ ತಿರುವು ಚುರುಕಾಗುತ್ತದೆ, ಕುರ್ಚಿ ಪಕ್ಕಕ್ಕೆ ಸುಲಭವಾಗಿ ಮಗುಚುವುದಿಲ್ಲ. ಮುಂದೆ ಪುಟ್ಟ ಗಾಲಿಗಳು, ಹಿಂದೆ ಇನ್ನೊಂದು. ಹಿಂದಿನದು ಇಲ್ಲದಿದ್ದರೆ ಸರ್ವ್ ಮಾಡಲು ಹಿಂದಕ್ಕೆ ಬಾಗಿದವರು ಅಂಗಾತ ಬೀಳುತ್ತಾರೆ. ಟೈರಿನಲ್ಲಿ ಗಾಳಿ ಕಡಿಮೆಯಾದರೆ ಪ್ರತಿ ತಳ್ಳಿಗೂ ಹೆಚ್ಚು ಬಲ ಬೇಕು, ಅದು ಒಂದು ಗೇಮಿನಲ್ಲಿ ಗೊತ್ತಾಗದೆ ಎರಡನೇ ಸೆಟ್ಟಿನಲ್ಲಿ ತೋಳಿಗೆ ಗೊತ್ತಾಗುತ್ತದೆ. ನಡುವೆ ಪಂಕ್ಚರ್ ಆದರೆ ಚಕ್ರ ಬದಲಿಸಲು ಆಟ ನಿಲ್ಲುತ್ತದೆ. ಅಂಕಣ ಬದಲಾದಂತೆ ಕುರ್ಚಿಯ ನಡವಳಿಕೆಯೂ ಬೇರೆ. ಹಾರ್ಡ್ ಕೋರ್ಟಿನಲ್ಲಿ ಸಲೀಸು, ಮಣ್ಣಿನ ಮೇಲೆ ಚಕ್ರ ಜಾರುತ್ತದೆ, ಹುಲ್ಲಿನ ಮೇಲೆ ಹೂತಂತೆ ಎಳೆಯುತ್ತದೆ. ವಿಂಬಲ್ಡನ್ ಸಿಂಗಲ್ಸ್ ಶುರುಮಾಡಿದ್ದು 2016ರಲ್ಲಿ, ಉಳಿದ ಮೂರೂ (ಆಸ್ಟ್ರೇಲಿಯಾ, ಫ್ರೆಂಚ್, ಅಮೆರಿಕ ಓಪನ್) ಗ್ರ್ಯಾನ್‌ಸ್ಲ್ಯಾಮ್‌ಗಳಿಗಿಂತ ತಡವಾಗಿ.

ಋತುವಿನ ಲೆಕ್ಕಕ್ಕೆ ಬರೋಣ. ಗ್ರ್ಯಾನ್‌ಸ್ಲ್ಯಾಮ್ ನಾಲ್ಕೂ ಬೆನ್ನೆಲುಬು. ವೀಲ್‌ಚೇರ್ ಪಂದ್ಯಗಳು ಪ್ರತಿ ಟೂರ್ನಿಯ ಎರಡನೇ ವಾರದಲ್ಲಿ ಬರುತ್ತವೆ. ಪುರುಷರಲ್ಲೂ ಮಹಿಳೆಯರಲ್ಲೂ 16 ಮಂದಿ, ಕ್ವಾಡ್‌ನಲ್ಲಿ 8. ಅಂದರೆ ಪ್ರಶಸ್ತಿಗೆ ನಾಲ್ಕು ಗೆಲುವು, ಕ್ವಾಡ್‌ನಲ್ಲಿ ಮೂರು. ಎಲ್ಲವೂ ಮೂರು ಸೆಟ್ಟಿನ ಪಂದ್ಯ. ನಾಲ್ಕೈದು ದಿನದಲ್ಲಿ ಎಲ್ಲಾ ಮುಗಿದುಹೋಗುತ್ತದೆ, ಹೊರಗಿನ ಅಂಕಣಗಳಲ್ಲಿ ಬೆಳಿಗ್ಗೆ 11ಕ್ಕೇ ಆಟ ಶುರುವಾಗಿರುತ್ತದೆ. ಆ 11 ಗಂಟೆ ಎಂದರೆ ನಮ್ಮಲ್ಲಿ ಮೆಲ್ಬರ್ನ್‌ಗೆ ನಸುಕಿನ 5.30, ಪ್ಯಾರಿಸ್‌ಗೆ ಮಧ್ಯಾಹ್ನ 2.30, ವಿಂಬಲ್ಡನ್‌ಗೆ 3.30, ನ್ಯೂಯಾರ್ಕ್‌ಗೆ ರಾತ್ರಿ 8.30. ಟೀವಿಯಲ್ಲಿ ಬರುತ್ತದೆಂದು ಕಾಯಬೇಡಿ. ಹಿಂದಿನ ರಾತ್ರಿಯೇ ಆಯಾ ಟೂರ್ನಿಯ ಆ್ಯಪ್‌ನಲ್ಲಿ ಮರುದಿನದ ಅಂಕಣಪಟ್ಟಿ ತೆರೆದು ನೋಡುವುದು ರೂಢಿಯಾಗಲಿ.

ಆದರೆ ನಾಲ್ಕು ಸ್ಲ್ಯಾಮ್ ಮಾತ್ರ ನೋಡಿದರೆ ಗೆದ್ದವರ ಹೆಸರು ಗೊತ್ತಾಗುತ್ತದೆಯೇ ಹೊರತು ಋತು ಗೊತ್ತಾಗುವುದಿಲ್ಲ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) ನಡೆಸುವ ಪ್ರವಾಸಿ ಸರಣಿಯಲ್ಲಿ ಸ್ಲ್ಯಾಮ್‌ಗಳ ಕೆಳಗೆ ಸೂಪರ್ ಸೀರೀಸ್, ಐಟಿಎಫ್ 1, 2, 3, ತಳದಲ್ಲಿ ಫ್ಯೂಚರ್ಸ್ ಎಂಬ ಮೆಟ್ಟಿಲುಗಳಿವೆ. ಈವರೆಗೆ ನಡೆದುಬಂದ ಹೆಸರುಗಳಿವು. ವಸಂತದಲ್ಲಿ ಅಮೆರಿಕದ ಬ್ಯಾಟನ್ ರೂಜ್, ಆಮೇಲೆ ಜಪಾನಿನ ಈಜುಕಾ, ಬೇಸಿಗೆಯಲ್ಲಿ ಬ್ರಿಟನ್ನಿನ ನಾಟಿಂಗಮ್ ಗಮನಿಸಬೇಕಾದವು. ಈಜುಕಾ ಟೂರ್ನಿ 1985ರಿಂದ ನಡೆಯುತ್ತಿದೆ. ದೇಶಗಳ ನಡುವಿನ ವಿಶ್ವ ತಂಡ ಕಪ್ಪಿಗೂ ಅಷ್ಟೇ ವಯಸ್ಸು. ವರ್ಷದ ಕೊನೆಗೆ ಅಗ್ರ ಆಟಗಾರರ ಮಾಸ್ಟರ್ಸ್.

ರ‍್ಯಾಂಕಿಂಗ್ ಉರುಳುತ್ತಿರುವ 52 ವಾರಗಳ ಲೆಕ್ಕ. ಹೋದ ವರ್ಷ ಈ ವಾರ ಗಳಿಸಿದ ಅಂಕ ಈ ವಾರ ಕಳಚಿ ಬೀಳುತ್ತದೆ. ಆದ್ದರಿಂದ ಯಾರಾದರೂ ದಿಢೀರನೆ ಜಾರಿದರೆ ‘ಆಟ ಕೆಟ್ಟಿತು’ ಎನ್ನುವ ಮೊದಲು ಹೋದ ವರ್ಷ ಅದೇ ವಾರ ಏನಾಗಿತ್ತು ನೋಡಿ. ಅಗ್ರ ಮೂವರನ್ನು ಎಲ್ಲರೂ ನೋಡುತ್ತಾರೆ. ನೀವು 12ರಿಂದ 20ರ ನಡುವಿನ ಒಬ್ಬರನ್ನು ಆರಿಸಿಕೊಳ್ಳಿ. ಸ್ಲ್ಯಾಮ್ ಬಾಗಿಲು ತೆರೆಯುವುದೂ ಮುಚ್ಚುವುದೂ ಅವರಿಗೇ. ಯಾವ ಸಣ್ಣ ಟೂರ್ನಿಗೆ ಏಕೆ ಹೋದರು, ಎಲ್ಲಿ ಸೆಮಿಫೈನಲ್ ಸೋತು ಪಟ್ಟಿಯಿಂದ ಹೊರಗುಳಿದರು ಎಂಬುದನ್ನು ಹಿಂಬಾಲಿಸಿದರೆ ಮೆಟ್ಟಿಲುಗಳ ಅರ್ಥ ಆಗುತ್ತದೆ.

2026ಕ್ಕೆ ಹೋಗುವ ಮುನ್ನ ತಿಳಿದಿರಬೇಕಾದ ಸ್ಥಿತಿಗತಿ ಹೀಗಿದೆ. 50 ಗ್ರ್ಯಾನ್‌ಸ್ಲ್ಯಾಮ್ ಪ್ರಶಸ್ತಿಗಳ ಜಪಾನಿನ ಶಿಂಗೊ ಕುನಿಎಡಾ 2023ರ ಜನವರಿಯಲ್ಲಿ ಒಂದನೇ ಸ್ಥಾನದಲ್ಲಿದ್ದಾಗಲೇ ನಿವೃತ್ತರಾದರು. ಅದೇ ವರ್ಷ 17ರ ಒಡಾ ಫ್ರೆಂಚ್ ಓಪನ್ ಗೆದ್ದ. 2024ರಲ್ಲಿ ಪ್ಯಾರಾಲಿಂಪಿಕ್ಸ್ ದಿನಾಂಕ ಅಡ್ಡ ಬಂದದ್ದರಿಂದ ಅಮೆರಿಕ ಓಪನ್‌ನಲ್ಲಿ ವೀಲ್‌ಚೇರ್ ಸಿಂಗಲ್ಸ್ ಇರಲಿಲ್ಲ. 2025ರಲ್ಲಿ ಒಡಾ ಆ ಟೂರ್ನಿಯ ಫೈನಲ್‌ನಲ್ಲಿ ಅರ್ಜೆಂಟೀನಾದ ಗುಸ್ತಾವೊ ಫರ್ನಾಂಡಿಸ್‌ರನ್ನು ಸೋಲಿಸಿ ಆ ಕೊರತೆಯನ್ನೂ ನೀಗಿಸಿಕೊಂಡ. ನಾಲ್ಕೂ ಸ್ಲ್ಯಾಮ್ ಮತ್ತು ಪ್ಯಾರಾಲಿಂಪಿಕ್ಸ್ ಚಿನ್ನ, 19ನೇ ವಯಸ್ಸಿಗೆ. ಆ ವರ್ಷದ ಆಸ್ಟ್ರೇಲಿಯಾ ಓಪನ್ ಮಾತ್ರ ಹ್ಯೂಯೆಟ್ ಪಾಲಾಗಿತ್ತು.

ನಮ್ಮನ್ನು ಕೇಳಿದರೆ ಮಹಿಳೆಯರ ವಿಭಾಗವೇ ಹೆಚ್ಚು ಸ್ವಾರಸ್ಯ. 2021, 2022, 2023 ಮೂರೂ ವರ್ಷ ನಾಲ್ಕಕ್ಕೆ ನಾಲ್ಕೂ ಸ್ಲ್ಯಾಮ್ ಗೆದ್ದ ಹಾಲೆಂಡಿನ ಡೀಡೆ ಡಿ ಗ್ರೂಟ್ ಪ್ಯಾರಿಸ್‌ನಲ್ಲಿ ಜಪಾನಿನ ಯುಯಿ ಕಮಿಜಿಗೆ ಚಿನ್ನ ಬಿಟ್ಟುಕೊಟ್ಟರು, ಆಮೇಲೆ ಸೊಂಟದ ಶಸ್ತ್ರಚಿಕಿತ್ಸೆಗೆ ಒಳಗಾದರು. 2025ರ ಸ್ಲ್ಯಾಮ್‌ಗಳಲ್ಲಿ ಮೂರು ಕಮಿಜಿಗೆ, ವಿಂಬಲ್ಡನ್ ಚೀನಾದ ವಾಂಗ್ ಜಿಯಿಂಗ್‌ಗೆ. 2025ರ ಕೊನೆಯವರೆಗೂ ಕಮಿಜಿಗೆ ದಕ್ಕದ ಸಿಂಗಲ್ಸ್ ಸ್ಲ್ಯಾಮ್ ಅದೊಂದೇ. ಆಕೆಯ ಎತ್ತರ 150 ಸೆಂಟಿಮೀಟರಿಗೂ ಕಡಿಮೆ, ಹುಲ್ಲಿನ ಮೇಲೆ ಚಕ್ರ ಎಳೆಯುತ್ತದೆ ಎಂದೆವಲ್ಲ, ಜುಲೈಯಲ್ಲಿ ಆಕೆಯ ಮೊದಲ ಎರಡು ತಳ್ಳುಗಳನ್ನು ಗಮನಿಸಿ. 2026ರ ಅಕ್ಟೋಬರ್‌ನಲ್ಲಿ ಐಚಿ–ನಗೋಯಾದಲ್ಲಿ ಏಷ್ಯನ್ ಪ್ಯಾರಾ ಕ್ರೀಡಾಕೂಟವಿದೆ. ಒಡಾ ಹುಟ್ಟಿದ್ದು ಅದೇ ಐಚಿ ಪ್ರಾಂತದಲ್ಲಿ.

ದೂರದ ಆಟವೇ ಏಕೆ ಎಂದರೆ, ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ, ಅಂದರೆ ಕೆಎಸ್‌ಎಲ್‌ಟಿಎ ಅಂಕಣಗಳಲ್ಲೂ ವೀಲ್‌ಚೇರ್ ಟೂರ್ನಿಗಳು ನಡೆದಿವೆ. ನಮ್ಮವರೇ ಆದ ಶೇಖರ್ ವೀರಾಸ್ವಾಮಿ, ಕೆ.ಪಿ. ಶಿಲ್ಪಾ ದೇಶದ ಮುಂಚೂಣಿ ಹೆಸರುಗಳು. ಅಂಕಣದ ಬದಿಯಲ್ಲಿ ಕುಳಿತು ಚಕ್ರದ ಸದ್ದಿನ ಸಮೇತ ನೋಡಿದರೆ ಪರದೆಯಲ್ಲಿ ಕಾಣದ ವೇಗ ಕಾಣುತ್ತದೆ.

ಕೊನೆಯದಾಗಿ ನಿಮ್ಮ ಸೋದರಳಿಯ. ಖಂಡಿತ ಆಡಬಹುದು, ನಿಯಮ ಪುಸ್ತಕದಲ್ಲೇ ಅದಕ್ಕೆ ಜಾಗವಿದೆ: ಅವನಿಗೆ ಎರಡು ಪುಟಿತ, ನಿಮಗೆ ಒಂದೇ. ಆದರೆ ಆಸ್ಪತ್ರೆ ಮಾದರಿಯ ಕುರ್ಚಿಯಲ್ಲಿ ಕೂರಿಸಿ ಅಂಕಣಕ್ಕೆ ಇಳಿಸಬೇಡಿ. ಅದರ ಚಕ್ರ ನೆಟ್ಟಗಿರುತ್ತದೆ, ರಭಸದ ತಿರುವಿಗೆ ಮಗುಚುತ್ತದೆ. ಓರೆ ಚಕ್ರದ, ಹಿಂಗಾಲಿ ಇರುವ ಆಟದ ಕುರ್ಚಿಯನ್ನು ಮೊದಲು ಎರವಲು ಪಡೆದು ನೋಡಿ. ಸೀಟಿನ ಅಗಲ ಸೊಂಟಕ್ಕೆ ಬಿಗಿಯಾಗಿ ಕೂರದಿದ್ದರೆ ಮೈ ಒಂದು ಕಡೆ, ಕುರ್ಚಿ ಒಂದು ಕಡೆ ತಿರುಗುತ್ತದೆ. ಸೊಂಟದ ಪಟ್ಟಿ ಕಡ್ಡಾಯ. ಮೊದಲ ಕೆಲವು ದಿನ ಚೆಂಡೇ ಬೇಡ: ಕೈಯಲ್ಲಿ ರ‍್ಯಾಕೆಟ್ ಹಿಡಿದು ನೇರ ತಳ್ಳುವುದು, ಎಂಟರ ಆಕಾರದಲ್ಲಿ ತಿರುಗುವುದು, ಅಷ್ಟೇ. ಆಮೇಲೆ ಕೆಂಪು ಚೆಂಡು, ಅದು ಮಾಮೂಲಿಗಿಂತ 75 ಶೇಕಡ ನಿಧಾನ. ನಂತರ 50 ಶೇಕಡ ನಿಧಾನದ ಕಿತ್ತಳೆ, ಆಮೇಲೆ 25ರ ಹಸಿರು. ಹಳದಿ ಚೆಂಡಿನಿಂದಲೇ ಶುರು ಮಾಡಿದರೆ ಹುಡುಗ ಚೆಂಡು ಹೆಕ್ಕುವುದರಲ್ಲೇ ಬೇಸತ್ತು ಬಿಡುತ್ತಾನೆ. ಅಂಗೈ ಬೊಬ್ಬೆ ಏಳುವುದು ಸಹಜ, ಬೆರಳುಗಳಿಗೆ ಟೇಪು ಸುತ್ತಿ. ಹೆಗಲು ನೋವು ಎಂದರೆ ಮಾತ್ರ ಆ ದಿನಕ್ಕೆ ನಿಲ್ಲಿಸಿಬಿಡಿ. ದಿನದ ಓಡಾಟಕ್ಕೂ ಅವನಿಗೆ ಇರುವುದು ಅದೇ ಹೆಗಲು.

– ಸಂಪಾದಕರು